ಊರೂರು ಬದಲಿಸುವ ನರ್ಸ್‌ಗೆ ಬೇಕಾದ ಗುಣಗಳು: ಕರಾವಳಿ, ಘಟ್ಟದ ಮೇಲಿನ ಹುಡುಗ ಹುಡುಗಿಯರಿಗೆ ಒಂದು ಮಾರ್ಗದರ್ಶಿ

ನರ್ಸಿಂಗ್ ಮುಗಿಸಿದ ನಮ್ಮ ಜಿಲ್ಲೆಯ ಮಕ್ಕಳು ಒಂದೇ ಊರಲ್ಲಿ ನಿಲ್ಲುವ ಕಾಲ ಹೋಯಿತು. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ ಹೋಗುತ್ತಾರೆ. ಕಾರವಾರದವರು ಗೋವಾಕ್ಕೆ, ಹೊನ್ನಾವರ ಭಟ್ಕಳದವರು ಮಣಿಪಾಲ, ಮಂಗಳೂರಿಗೆ. ಅಲ್ಲಿಂದ ಬೆಂಗಳೂರು, ಆಮೇಲೆ ದುಬೈ, ಮಸ್ಕತ್, ಇನ್ನೂ ಮುಂದೆ ಅಮೆರಿಕ. ಮನೆಯವರಿಗೆ ಹೆಮ್ಮೆ, ಜೊತೆಗೆ ಆತಂಕ. ಹೋಗುವವರ ಮನಸ್ಸಲ್ಲಿ ಒಂದೇ ಪ್ರಶ್ನೆ: ಅಲ್ಲಿ ನನ್ನ ಕೈಲಿ ಆಗುತ್ತದಾ?

ಅಮೆರಿಕದಲ್ಲಿ ಹೀಗೆ ಊರು ಬದಲಿಸುತ್ತಾ ಕೆಲಸ ಮಾಡುವವರಿಗೆ ಟ್ರಾವೆಲ್ ನರ್ಸ್ ಎನ್ನುತ್ತಾರೆ. ಯಾವುದೋ ಊರಿನ ಆಸ್ಪತ್ರೆಯಲ್ಲಿ ನರ್ಸ್‌ಗಳು ಸಾಲದೆ ಬಂದಾಗ ಏಜೆನ್ಸಿಯ ಮೂಲಕ ಅಲ್ಲಿಗೆ ಹೋಗುತ್ತಾರೆ. ಒಪ್ಪಂದ ಸಾಮಾನ್ಯವಾಗಿ 13 ವಾರದ್ದು. ಹೊಸ ವಾರ್ಡನ್ನು ತಿಳಿದುಕೊಳ್ಳಲು ಕೊಡುವ ಸಮಯ ತೀರಾ ಕಡಿಮೆ, ಎಷ್ಟೋ ಕಡೆ ಒಂದೆರಡು ಶಿಫ್ಟ್ ಅಷ್ಟೇ. ಆಮೇಲೆ ಹಳಬರಂತೆ ಪೂರ್ತಿ ಹೊಣೆ. ನಮ್ಮಲ್ಲಿ ಇದೇ ಹೆಸರಿನ ಕೆಲಸ ಇಲ್ಲದಿದ್ದರೂ ಬದುಕು ಹೆಚ್ಚುಕಡಿಮೆ ಹಾಗೇ ಇದೆ. ಗುತ್ತಿಗೆ ಮೇಲೆ ಇವತ್ತು ಜೊಯಿಡಾ, ನಾಳೆ ಮುಂಡಗೋಡ. ಶಿರಸಿ ಮಾರಿಕಾಂಬಾ ಜಾತ್ರೆ ಬಂದರೆ ಅಲ್ಲಿ ಡ್ಯೂಟಿ. ನೆರೆ ಬಂದರೆ ಕಾಳಜಿ ಕೇಂದ್ರದಲ್ಲಿ ಡ್ಯೂಟಿ.

ಇಂಥ ಕೆಲಸಕ್ಕೆ ಧೈರ್ಯ ಬೇಕು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬರೀ ಧೈರ್ಯ ಇರುವ ಹೊಸ ನರ್ಸ್ ವಾರ್ಡಿಗೆ ಅಪಾಯ. ಗೊತ್ತಿಲ್ಲದ್ದನ್ನು ಬೇಗ, ನಾಚಿಕೆಯಿಲ್ಲದೆ, ಸರಿಯಾದವರ ಹತ್ತಿರ ಕೇಳುವ ಗುಣವೇ ದೊಡ್ಡದು. ಪ್ರತಿ ಊರಲ್ಲೂ ಮತ್ತೆ ಹೊಸಬರಾಗಬೇಕು, ಆದರೆ ರೋಗಿಗೆ ಅದರಿಂದ ತೊಂದರೆ ಆಗಬಾರದು. ಈ ಎರಡನ್ನೂ ಒಟ್ಟಿಗೆ ಸಂಭಾಳಿಸುವುದನ್ನು ಕಲಿಯಬಹುದು. ಹೇಗೆ ಅಂತ ಹಂತ ಹಂತವಾಗಿ ಹೇಳುತ್ತೇನೆ.

ಹಂತ 1: ಮೊದಲು ಒಂದು ಕಡೆ ಕೈ ಪಳಗಲಿ

ಕೋರ್ಸ್ ಮುಗಿದ ಕೂಡಲೇ ಊರೂರು ತಿರುಗಲು ಹೊರಡಬೇಡಿ. ಕನಿಷ್ಠ ಎರಡು ವರ್ಷ ಒಂದೇ ಆಸ್ಪತ್ರೆಯಲ್ಲಿ, ಆದಷ್ಟೂ ಒಂದೇ ವಿಭಾಗದಲ್ಲಿ ಕೆಲಸ ಮಾಡಿ. ಅಮೆರಿಕದ ಏಜೆನ್ಸಿಗಳೂ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದ ಅನುಭವ ಕೇಳುತ್ತವೆ. ಅದಕ್ಕೆ ಕಾರಣ ಇದೆ. ಹೊಸ ಜಾಗದಲ್ಲಿ ಬೀಗದ ಕೈ ಎಲ್ಲಿ, ಕಂಪ್ಯೂಟರ್ ಹೇಗೆ, ಡಾಕ್ಟರ ಸ್ವಭಾವ ಏನು ಅಂತ ತಲೆ ಪೂರ್ತಿ ತುಂಬಿರುತ್ತದೆ. ಆಗ ಡ್ರಿಪ್ ಹಾಕುವುದು, ಕ್ಯಾಥೆಟರ್ ಹಾಕುವುದು, ಸಕ್ಷನ್ ಮಾಡುವುದು (ಯಂತ್ರದಿಂದ ಕಫ ಎಳೆದು ತೆಗೆಯುವುದು) ಕೈಗೆ ತಾನಾಗಿಯೇ ಬರಬೇಕು. ಅದನ್ನೂ ಯೋಚಿಸಿ ಮಾಡುವ ಸ್ಥಿತಿ ಇದ್ದರೆ ಸುಸ್ತಾಗಿ ಹೋಗುತ್ತೀರಿ.

ಚಿಕ್ಕ ಆಸ್ಪತ್ರೆಯೋ ದೊಡ್ಡದೋ ಅಂತ ಕೇಳುತ್ತಾರೆ. ಎರಡರಲ್ಲೂ ಕಲಿಯುವುದಿದೆ. ಕಾರವಾರದ ಕ್ರಿಮ್ಸ್‌ನಂಥ ಬೋಧಕ ಆಸ್ಪತ್ರೆಯಲ್ಲಿ ರೋಗದ ಬಗೆ ಜಾಸ್ತಿ, ಕೇಳಲು ಹಿರಿಯರೂ ಜಾಸ್ತಿ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಒಬ್ಬರೇ ಸಿಸ್ಟರ್ ಇರುತ್ತೀರಿ. ಹೆರಿಗೆ, ಅಪಘಾತ, ಜ್ವರ, ವಿಷ ಕುಡಿದವರು, ಎಲ್ಲರೂ ನಿಮ್ಮ ಹತ್ತಿರವೇ. ಅಲ್ಲಿ ಎರಡು ಮಳೆಗಾಲ ಕಳೆದವರಿಗೆ ಒಂದು ಗಟ್ಟಿತನ ಬರುತ್ತದೆ. ನನ್ನನ್ನು ಕೇಳಿದರೆ ಎರಡೂ ಕಡೆ ಒಂದೊಂದು ವರ್ಷ ಇದ್ದು ಹೊರಡುವುದಕ್ಕಿಂತ, ಒಂದು ಕಡೆ ನೆಟ್ಟಗೆ ಎರಡು ವರ್ಷ ಇರುವುದು ಒಳ್ಳೆಯದು.

ಹಂತ 2: ಕಾಗದಪತ್ರದಲ್ಲಿ ಅಚ್ಚುಕಟ್ಟು

ಇದನ್ನು ಯಾರೂ ಗುಣ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಒಳ್ಳೊಳ್ಳೆಯ ನರ್ಸ್‌ಗಳು ಅವಕಾಶ ಕಳೆದುಕೊಳ್ಳುವುದು ಇಲ್ಲೇ. ಒಂದು ಗಟ್ಟಿ ಫೈಲ್ ಮಾಡಿ, ಅದರ ಸ್ಕ್ಯಾನ್ ಪ್ರತಿ ಫೋನಲ್ಲಿ, ಇಮೇಲಲ್ಲಿ ಇಡಿ. ಏನೇನು ಬೇಕು? ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಎಲ್ಲ ಅಂಕಪಟ್ಟಿ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ, ಪಾಸ್‌ಪೋರ್ಟ್, ಅನುಭವ ಪತ್ರಗಳು, ಲಸಿಕೆಯ ದಾಖಲೆ.

ಬೇರೆ ರಾಜ್ಯಕ್ಕೆ ಹೋಗುವವರು ಆ ರಾಜ್ಯದ ಪರಿಷತ್ತಿನಲ್ಲಿ ಮತ್ತೆ ನೋಂದಣಿ ಮಾಡಿಸಬೇಕು. ಅದಕ್ಕೆ ನಮ್ಮ ಪರಿಷತ್ತಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಕಾರವಾರದಿಂದ ಗೋವಾ ಗಡಿ ಕೂಗಳತೆಯಲ್ಲೇ ಇದೆ, ಅದಕ್ಕೇ ಇದು ಎಷ್ಟೋ ಜನಕ್ಕೆ ನೆನಪಾಗುವುದಿಲ್ಲ. ಎನ್‌ಒಸಿಗೆ ಸಮಯ ಹಿಡಿಯುತ್ತದೆ, ಕೆಲಸ ಸಿಕ್ಕ ಮೇಲೆ ಓಡಾಡುವುದಕ್ಕಿಂತ ಮೊದಲೇ ಶುರು ಮಾಡಿ.

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್. ಮೊದಲನೆಯದು ಹಾಕಿಸಿ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಮುಗಿದ ಮೇಲೆ ರಕ್ತದಲ್ಲಿ ರಕ್ಷಣೆ ಬಂದಿದೆಯಾ ಅಂತ ಪರೀಕ್ಷೆ ಮಾಡಿಸಿ. ಆ ವರದಿಯಲ್ಲಿ ಅಂಕಿ 10ಕ್ಕಿಂತ ಕಡಿಮೆ ಬಂದರೆ ಡಾಕ್ಟರನ್ನು ಕೇಳಿ. ಇದು ಬರೀ ಕಾಗದದ ಮಾತಲ್ಲ. ಸೂಜಿ ಚುಚ್ಚಿಕೊಂಡ ರಾತ್ರಿ ಇದರ ಬೆಲೆ ಗೊತ್ತಾಗುತ್ತದೆ.

ಅಮೆರಿಕ ಅಂದುಕೊಂಡವರು ಅಲ್ಲಿನ ನರ್ಸ್ ಪರವಾನಗಿಯ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ ಪಾಸಾಗಬೇಕು. ಗಲ್ಫ್‌ಗೆ ಆಯಾ ದೇಶದ, ಕೆಲವು ಕಡೆ ಆಯಾ ನಗರದ ಪರವಾನಗಿ ಪರೀಕ್ಷೆ, ಜೊತೆಗೆ ದಾಖಲೆಗಳು ಅಸಲಿಯೇ ಅಂತ ನೋಡುವ ಡೇಟಾಫ್ಲೋ ತಪಾಸಣೆ ಇರುತ್ತದೆ. ಒಂದು ವಿಷಯ ಸ್ಪಷ್ಟವಾಗಿರಲಿ. ಇಲ್ಲಿಂದ ಅಮೆರಿಕಕ್ಕೆ ಹೋದವರಿಗೆ ಮೊದಲ ದಿನದಿಂದಲೇ 13 ವಾರಕ್ಕೊಂದು ಊರು ಸುತ್ತುವ ಸ್ವಾತಂತ್ರ್ಯ ಸಾಮಾನ್ಯವಾಗಿ ಇರುವುದಿಲ್ಲ. ವೀಸಾ ಕೊಡಿಸಿದವರ ಜೊತೆ ಒಪ್ಪಂದದ ಅವಧಿ ಮುಗಿಸಬೇಕಾಗುತ್ತದೆ. ಏಜೆಂಟ್ ಬೇರೆ ಏನಾದರೂ ಬಣ್ಣ ಬಣ್ಣವಾಗಿ ಹೇಳಿದರೆ ಅದನ್ನು ಬರವಣಿಗೆಯಲ್ಲಿ ಕೇಳಿ. ಆ ಏಜೆಂಟ್ ನೋಂದಾಯಿತರೋ ಇಲ್ಲವೋ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ನೋಡದೆ ದುಡ್ಡು ಕೊಡಬೇಡಿ.

ಹಂತ 3: ಮೊದಲ ಜಿಗಿತ ಹತ್ತಿರಕ್ಕೇ ಇರಲಿ

ನಿಮ್ಮ ಸ್ವಭಾವ ಇದಕ್ಕೆ ಒಗ್ಗುತ್ತದಾ ಅಂತ ತಿಳಿಯಲು ದುಬೈಗೇ ಹೋಗಬೇಕಿಲ್ಲ. ಶಿರಸಿಯವರು ಭಟ್ಕಳಕ್ಕೆ ಬಂದರೆ ಸಾಕು. ಗಾಳಿ ಬೇರೆ, ಊಟ ಬೇರೆ, ಮಾತು ಬೇರೆ. ಅಂಕೋಲೆಯವರು ಹಳಿಯಾಳಕ್ಕೆ ಹೋದರೆ ಅರ್ಧ ದಿನ ಮರಾಠಿ ಕೇಳಬೇಕು. ಅಲ್ಲಿ ಆರು ತಿಂಗಳು ಕಳೆದ ಮೇಲೆ ನಿಮ್ಮನ್ನು ನೀವೇ ಕೇಳಿಕೊಳ್ಳಿ. ರಜೆ ಸಿಕ್ಕಾಗಲೆಲ್ಲ ಮನೆ ಬಸ್ ಹತ್ತಿದಿರಾ? ಅಲ್ಲಿನ ಇಬ್ಬರಾದರೂ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾರಾ? ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ಹೊಟ್ಟೆಯಲ್ಲಿ ಕಸಿವಿಸಿ ಕಡಿಮೆಯಾಗಿದೆಯಾ? ಉತ್ತರ ಪ್ರಾಮಾಣಿಕವಾಗಿರಲಿ. ಒಗ್ಗಲಿಲ್ಲ ಅಂದರೆ ಅದು ಸೋಲಲ್ಲ. ಒಂದೇ ಊರಲ್ಲಿ ಇಪ್ಪತ್ತು ವರ್ಷ ಇದ್ದು ಎರಡು ತಲೆಮಾರಿನ ಹೆರಿಗೆ ಮಾಡಿಸಿದ ಸಿಸ್ಟರ್‌ಗಳ ಮೇಲೆ ನನಗಿರುವ ಗೌರವ ಯಾವ ವಿದೇಶಿ ನರ್ಸ್ ಮೇಲಿನದ್ದಕ್ಕಿಂತ ಕಡಿಮೆಯಲ್ಲ.

ಹಂತ 4: ಮೊದಲ ದಿನ ಏನು ಕೇಳಬೇಕು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಹೊಸ ವಾರ್ಡಿನ ಮೊದಲ ಎಂಟು ಗಂಟೆಯಲ್ಲೇ ಅರ್ಧ ಕೆಲಸ ತೀರ್ಮಾನವಾಗುತ್ತದೆ.

ಡ್ಯೂಟಿ ಶುರುವಾಗುವ ಅರ್ಧ ಗಂಟೆ ಮೊದಲೇ ಹೋಗಿ. ಇನ್‌ಚಾರ್ಜ್ ಸಿಸ್ಟರ್‌ಗೆ ನಮಸ್ಕಾರ ಹೇಳಿ, ನೀವು ಯಾರು, ಎಲ್ಲಿ ಎಷ್ಟು ಕೆಲಸ ಮಾಡಿದ್ದೀರಿ ಅಂತ ಎರಡು ಮಾತಲ್ಲಿ ತಿಳಿಸಿ. ಕೂಡಲೇ ಇದನ್ನೂ ಹೇಳಿ: "ಸಿಸ್ಟರ್, ನಾನು ಮೆಡಿಸಿನ್ ವಾರ್ಡಿನವಳು. ಡಯಾಲಿಸಿಸ್ ರೋಗಿಗಳನ್ನು ನೋಡಿಕೊಂಡಿಲ್ಲ. ಅಂಥವರು ಇದ್ದರೆ ಮೊದಲ ಸಲ ನೀವು ಜೊತೆಗಿರಿ." ಈ ಒಂದು ಮಾತು ಹೇಳಲು ಎಷ್ಟೋ ಜನ ಹಿಂಜರಿಯುತ್ತಾರೆ. ದಡ್ಡಿ ಅಂದುಕೊಂಡರೆ? ಅಂದುಕೊಳ್ಳುವುದಿಲ್ಲ. ಹಿರಿಯ ನರ್ಸ್‌ಗಳಿಗೆ ಭಯ ಇರುವುದು ಗೊತ್ತಿಲ್ಲ ಎನ್ನುವವರ ಬಗ್ಗೆ ಅಲ್ಲ, ಎಲ್ಲ ಗೊತ್ತು ಎನ್ನುವವರ ಬಗ್ಗೆ. ನಾನು ಇನ್‌ಚಾರ್ಜ್ ಆಗಿದ್ದಾಗಲೂ ಮೊದಲ ದಿನ ಒಂದೂ ಪ್ರಶ್ನೆ ಕೇಳದ ಹುಡುಗಿಯ ಹಿಂದೆಯೇ ನನ್ನ ಕಣ್ಣು ಇರುತ್ತಿತ್ತು.

ಮುಂದೆ ಜಾಗಗಳು. ಎಮರ್ಜೆನ್ಸಿ ಟ್ರೇ ಎಲ್ಲಿದೆ ಅಂತ ಕೇಳುವುದಷ್ಟೇ ಅಲ್ಲ, ಹೋಗಿ ತೆರೆದು ನೋಡಿ. ರೋಗಿಗೆ ಉಸಿರು ಕೊಡುವ ಅಂಬು ಬ್ಯಾಗ್ ಕೈಯಲ್ಲಿ ಹಿಡಿದು ಒತ್ತಿ ನೋಡಿ. ಗಂಟಲೊಳಗೆ ನೋಡುವ ಲ್ಯಾರಿಂಜೋಸ್ಕೋಪ್ ದೀಪ ಹತ್ತುತ್ತದಾ? ಆಕ್ಸಿಜನ್ ಸಿಲಿಂಡರ್ ಆದರೆ ಬದಲಿಸುವ ಸ್ಪ್ಯಾನರ್ ಎಲ್ಲಿ ತೂಗುಹಾಕಿದ್ದಾರೆ? ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗುವುದು ಹೊಸದಲ್ಲ. ಜನರೇಟರ್ ಹತ್ತುವವರೆಗೆ ಯಾವ ಯಂತ್ರ ಬ್ಯಾಟರಿಯಲ್ಲಿ ಓಡುತ್ತದೆ, ಯಾವುದು ನಿಲ್ಲುತ್ತದೆ? ಟಾರ್ಚ್ ಎಲ್ಲಿದೆ? ರಾತ್ರಿ ಡಾಕ್ಟರ್‌ಗೆ ಫೋನ್ ಹೋಗದಿದ್ದರೆ ಎರಡನೆಯ ಫೋನ್ ಯಾರಿಗೆ?

ಈ ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಹೊಸ ಊರಲ್ಲಿ ನಿಮಗೆ ಜನ ಗೊತ್ತಿಲ್ಲ. ಯಾರನ್ನು ಎಬ್ಬಿಸಬೇಕು ಅಂತ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆ.

ಜೇಬಲ್ಲಿ ಒಂದು ಸಣ್ಣ ಪುಸ್ತಕ ಇರಲಿ. ಹೇಳಿದ್ದನ್ನು ಬರೆದುಕೊಳ್ಳಿ, ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುವ ಹಾಗೆ ಮಾಡಿಕೊಳ್ಳಬೇಡಿ. ರೋಗಿಯ ಹೆಸರು, ವಿವರ ಮಾತ್ರ ಅದರಲ್ಲಿ ಬೇಡ. ಪುಸ್ತಕ ಬಸ್ಸಲ್ಲಿ ಬಿದ್ದುಹೋದರೂ ಯಾರ ಗುಟ್ಟೂ ಹೊರಬೀಳಬಾರದು.

ಡಾಕ್ಟರ್‌ಗೆ ಫೋನ್ ಮಾಡುವಾಗ ಹೊಸಬರ ಮಾತು ತಡವರಿಸುತ್ತದೆ. ಅದಕ್ಕೆ ಒಂದು ಕ್ರಮ ಇದೆ, ಎಲ್ಲ ದೇಶದಲ್ಲೂ ನಡೆಯುತ್ತದೆ. ಮೊದಲು ಈಗ ಏನಾಗಿದೆ, ನಂತರ ಹಿನ್ನೆಲೆ, ಆಮೇಲೆ ನೀವು ಕಂಡದ್ದು, ಕೊನೆಗೆ ನಿಮಗೆ ಏನು ಬೇಕು. "ಸರ್, ನಾಲ್ಕನೇ ಬೆಡ್ಡಿನ ಅಜ್ಜನಿಗೆ ಉಸಿರಾಟ ಜೋರಾಗಿದೆ. ನಿನ್ನೆ ನ್ಯುಮೋನಿಯಾ ಅಂತ ಅಡ್ಮಿಟ್ ಆದವರು. ಈಗ ಆಕ್ಸಿಜನ್ 86 ತೋರಿಸುತ್ತಿದೆ, ಮಾಸ್ಕ್ ಹಾಕಿದ್ದೇನೆ. ನೀವು ಬಂದು ನೋಡಬೇಕು." ಇಷ್ಟೇ. ಕೊನೆಯ ವಾಕ್ಯ ಹೇಳುವ ದಿಟ್ಟತನ ಮಾತ್ರ ಬೇಕೇ ಬೇಕು. "ಸುಮ್ನೆ ತಿಳಿಸೋಣ ಅಂತ ಮಾಡಿದೆ" ಅಂತ ಮುಗಿಸಿದರೆ ಡಾಕ್ಟರ್ ಮಗ್ಗಲು ಬದಲಿಸಿ ಮಲಗುತ್ತಾರೆ.

ಹಂತ 5: ಈ ಊರಿನ ಕಾಯಿಲೆ ಯಾವುದು ಅಂತ ಕೇಳಿ

ಪ್ರತಿ ಊರಿಗೂ ತನ್ನದೇ ಕಾಯಿಲೆಗಳಿರುತ್ತವೆ. ಕುತೂಹಲ ಇರುವ ನರ್ಸ್ ಮೊದಲ ವಾರದಲ್ಲೇ ಅದನ್ನು ತಿಳಿದುಕೊಳ್ಳುತ್ತಾಳೆ. ಹೊರಗಿನಿಂದ ನಮ್ಮ ಜಿಲ್ಲೆಗೆ ಬರುವ ನರ್ಸ್‌ಗೆ ನಾನು ಏನು ಹೇಳುತ್ತೇನೋ ಅದನ್ನೇ ಉದಾಹರಣೆಯಾಗಿ ಕೊಡುತ್ತೇನೆ.

ಡಿಸೆಂಬರಿನಿಂದ ಮೇ ತನಕ, ಸಿದ್ದಾಪುರ, ಹೊನ್ನಾವರದ ಕಾಡಂಚಿನಿಂದ ಜ್ವರ ಅಂತ ಬಂದವರಿಗೆ ಉಣುಗು ಕಚ್ಚಿದೆಯಾ, ಹತ್ತಿರದಲ್ಲಿ ಮಂಗ ಸತ್ತಿದೆಯಾ, ಸೊಪ್ಪು ತರಗೆಲೆ ತರಲು ಕಾಡಿಗೆ ಹೋಗಿದ್ದರಾ ಅಂತ ಕೇಳಬೇಕು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. 2024ರಲ್ಲೂ ಸಿದ್ದಾಪುರ ತಾಲ್ಲೂಕನ್ನು ಕಾಡಿತು. ಒಮ್ಮೆಗೇ ಏರುವ ಜ್ವರ, ತಡೆಯಲಾಗದ ತಲೆನೋವು, ಮೈಕೈ ನೋವು. ಕೆಲವರಿಗೆ ವಸಡು, ಮೂಗಲ್ಲಿ ರಕ್ತ. ಮಳೆ ಹಿಡಿದ ಮೇಲೆ ಗದ್ದೆಯಲ್ಲಿ ದುಡಿದವರಿಗೆ ಕಣ್ಣು ಕೆಂಪಾಗಿ, ಮೀನಖಂಡ ಮುಟ್ಟಿದರೆ ನೋಯುತ್ತಾ ಜ್ವರ ಬಂದರೆ ಇಲಿಜ್ವರದ ಅನುಮಾನ ಬರಬೇಕು. ಡಾಕ್ಟರ್ ತಾನೇ ನೋಡುವುದು, ನಮಗೇನು ಅಂತ ಕೇಳಬಹುದು. ಆದರೆ ರೋಗಿಯ ಜೊತೆ ಮೊದಲು ಮಾತಾಡುವುದು ನಾವು. ಗದ್ದೆಗೆ ಇಳಿದದ್ದು, ಕಾಡಿಗೆ ಹೋದದ್ದು ನಮ್ಮ ಕಿವಿಗೇ ಮೊದಲು ಬೀಳುತ್ತದೆ.

ಹಾವು ಕಚ್ಚಿದ್ದು ಇನ್ನೊಂದು. ಸಂಜೆ ಅಡಿಕೆ ತೋಟದಿಂದ ಕಾಲು ಊದಿಸಿಕೊಂಡು ಒಬ್ಬರನ್ನು ಕರೆತರುತ್ತಾರೆ ಎಂದುಕೊಳ್ಳಿ. ಯಾವ ಹಾವು ಅಂತ ಗೊತ್ತಿಲ್ಲ. ಆಗ ಮಾಡುವ ಒಂದು ಪರೀಕ್ಷೆಗೆ ಯಂತ್ರ ಬೇಡ, ಲ್ಯಾಬ್ ಬೇಡ. ಎರಡು ಎಂಎಲ್ ರಕ್ತವನ್ನು ಹೊಸ, ಒಣಗಿದ ಗಾಜಿನ ಟೆಸ್ಟ್ ಟ್ಯೂಬಿಗೆ ಹಾಕಿ ಅಲ್ಲಾಡದಂತೆ ನಿಲ್ಲಿಸಬೇಕು. ಗಡಿಯಾರ ನೋಡಿ ಇಪ್ಪತ್ತು ನಿಮಿಷ. ಮಧ್ಯೆ ಎತ್ತಿ ನೋಡುವಂತಿಲ್ಲ. ನಂತರ ಒಮ್ಮೆ ಓರೆ ಮಾಡಬೇಕು. ಹೆಪ್ಪುಗಟ್ಟಿದ್ದರೆ ಆ ಹೊತ್ತಿಗೆ ರಕ್ತ ಕೆಟ್ಟಿಲ್ಲ ಅಂತಷ್ಟೇ ಅರ್ಥ. ನೀರಿನಂತೆ ಹರಿದರೆ ರಕ್ತ ಕೆಡಿಸುವ ವಿಷ, ಮಂಡಲ ಜಾತಿಯ ಹಾವಿನದ್ದು. ಟ್ಯೂಬ್ ಗಾಜಿನದ್ದೇ ಆಗಬೇಕು. ಪ್ಲಾಸ್ಟಿಕ್‌ನಲ್ಲಿ ಒಳ್ಳೆಯ ರಕ್ತವೂ ಸರಿಯಾಗಿ ಹೆಪ್ಪುಗಟ್ಟದೆ ದಾರಿ ತಪ್ಪಿಸಬಹುದು. ತೊಳೆದು ಮತ್ತೆ ಬಳಸಿದ ಟ್ಯೂಬೂ ಹಾಗೇ, ಸೋಪಿನ ಅಂಶ ಉಳಿದಿದ್ದರೆ ಸುಳ್ಳು ಹೇಳುತ್ತದೆ. ಈಗಿನ ಎಷ್ಟೋ ಆಸ್ಪತ್ರೆಗಳಲ್ಲಿ ಗಾಜಿನ ಟ್ಯೂಬ್ ಹುಡುಕಬೇಕಾಗುತ್ತದೆ. ಅದು ಯಾವ ಕಪಾಟಿನಲ್ಲಿದೆ ಎಂಬ ಪ್ರಶ್ನೆಯನ್ನು ಸಂಜೆ ಏಳಕ್ಕೆ ಕೇಳುವುದಲ್ಲ, ಮೊದಲ ದಿನ ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಬೇಕು.

ಇನ್ನೂ ಒಂದು ಮಾತು ಇದೆ. ನಮ್ಮ ದೇಶದಲ್ಲಿ ಸಿಗುವ ಹಾವಿನ ವಿಷದ ಔಷಧಿ ನಾಲ್ಕು ಹಾವಿಗೆ ಮಾತ್ರ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ನಮ್ಮ ತೋಟದ ತರಗೆಲೆಯಲ್ಲಿ ಮಲಗಿರುವ, ಮೂಗಿನ ತುದಿ ಮೇಲೆದ್ದ ಪುಟ್ಟ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಆ ಕಡಿತದಿಂದ ಮೂತ್ರಪಿಂಡ ಕೆಡುವುದುಂಟು, ಹಾಗಾಗಿ ಮೂತ್ರ ಎಷ್ಟು ಹೋಗುತ್ತಿದೆ ಅಂತ ಗಂಟೆ ಗಂಟೆಗೆ ಬರೆದಿಡುವ ನರ್ಸ್ ಅಲ್ಲಿ ಜೀವ ಉಳಿಸುತ್ತಾಳೆ. ಬಯಲುಸೀಮೆಯಿಂದ ಬಂದ ಎಷ್ಟೇ ಅನುಭವಿ ನರ್ಸ್‌ಗೂ ಇದು ಹೊಸದಾಗಿರಬಹುದು. ಹಾಗೆಯೇ ನೀವು ಹೋಗುವ ಊರಿನಲ್ಲಿ ನಿಮಗೆ ಗೊತ್ತಿಲ್ಲದ್ದು ಇದ್ದೇ ಇರುತ್ತದೆ. ಗಲ್ಫ್‌ನಲ್ಲಿ ಬಿಸಿಲಿನ ಹೊಡೆತ, ಚಳಿ ದೇಶದಲ್ಲಿ ಮಂಜಿನ ಮೇಲೆ ಜಾರಿ ಮುರಿದ ಸೊಂಟ. "ಇಲ್ಲಿಗೆ ಜಾಸ್ತಿ ಯಾವ ಕೇಸ್ ಬರುತ್ತದೆ ಸಿಸ್ಟರ್?" ಅಂತ ಚಹಾ ಹೊತ್ತಲ್ಲಿ ಕೇಳಿ ನೋಡಿ. ಹಳಬರು ಖುಷಿಯಿಂದ ಹೇಳುತ್ತಾರೆ.

ಹಂತ 6: ಅಭ್ಯಾಸವನ್ನೇ ಅನುಮಾನಿಸುವ ಎಚ್ಚರ

ಊರು ಬದಲಾದಾಗ ಅತಿ ಅಪಾಯದ್ದು ನಿಮಗೆ ಚೆನ್ನಾಗಿ ಗೊತ್ತಿರುವ ಕೆಲಸ. ಕೈ ತಾನಾಗಿಯೇ ಓಡುತ್ತದೆ, ಆದರೆ ಸಾಮಾನು ಬೇರೆ.

ಇನ್ಸುಲಿನ್ ನೋಡಿ. ನಮ್ಮ ಆಸ್ಪತ್ರೆಗಳಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಹೊರದೇಶಗಳಲ್ಲಿ ಸಾಮಾನ್ಯವಾಗಿ 100 ಯೂನಿಟ್‌ನದು, ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್. ಇಲ್ಲೂ 100ರದು ಈಗ ಸಿಗುತ್ತದೆ, ಕೆಲವು ಕಡೆ ಎರಡೂ ಒಂದೇ ಫ್ರಿಜ್ಜಿನಲ್ಲಿ ಕೂತಿರುತ್ತವೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ವಯಸ್ಸಾದವರಾದರೆ ರಾತ್ರಿ ಸಕ್ಕರೆ ಇಳಿದು ಪ್ರಜ್ಞೆ ತಪ್ಪುತ್ತಾರೆ, ನಿದ್ದೆ ಮಾಡುತ್ತಿದ್ದಾರೆ ಅಂತ ನಾವು ಅಂದುಕೊಳ್ಳುತ್ತೇವೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಕೂಡ ಹೀಗೇ. ಅದೇ 5 ಎಂಎಲ್ ಬಾಟಲಿ, ಒಂದರಲ್ಲಿ 5,000 ಯೂನಿಟ್, ಇನ್ನೊಂದರಲ್ಲಿ 25,000. ಲೇಬಲ್ಲನ್ನು ಬೆರಳಿಟ್ಟು ಓದಿ, ಇನ್ನೊಬ್ಬ ನರ್ಸ್‌ಗೆ ತೋರಿಸಿ, ಆಮೇಲೆ ಎಳೆಯಿರಿ. ಹೊಸಬರಾದ ಮೊದಲ ತಿಂಗಳು ಇದನ್ನು ಯಾವ ಅವಸರಕ್ಕೂ ಬಿಡಬೇಡಿ.

ಅಳತೆಗಳೂ ಬೇರೆ. ಸಕ್ಕರೆ 180 ಅಂತ ನಾವು ಹೇಳುವುದನ್ನು ಬ್ರಿಟನ್ನಿನಲ್ಲಿ, ಗಲ್ಫ್‌ನ ಅನೇಕ ಆಸ್ಪತ್ರೆಗಳಲ್ಲಿ 10 ಅಂತ ಬರೆಯುತ್ತಾರೆ. 18ರಿಂದ ಗುಣಿಸಿದರೆ ನಮ್ಮ ಲೆಕ್ಕ ಬರುತ್ತದೆ. ಅಮೆರಿಕದಲ್ಲಿ ತಾರೀಖು ಬರೆಯುವಾಗ ತಿಂಗಳು ಮೊದಲು. ನಮ್ಮ ಅಡ್ರಿನಲಿನ್ ಅಲ್ಲಿ ಎಪಿನೆಫ್ರಿನ್, ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೋಫೆನ್, ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್. ಎಮರ್ಜೆನ್ಸಿಯಲ್ಲಿ ಯಾರೋ ಎಪಿ ಅಂತ ಕೂಗಿದಾಗ ನಿಂತು ಯೋಚಿಸುವಂತಾಗಬಾರದು. ಹೋಗುವ ಮೊದಲೇ ಒಂದು ಹಾಳೆಯಲ್ಲಿ ಎರಡು ಕಡೆಯ ಹೆಸರು ಎದುರೆದುರು ಬರೆದು ಬಾಯಿಪಾಠ ಮಾಡಿ. ಜೊತೆಗೆ ಯೂನಿಟ್ ಎಂಬುದನ್ನು ಪೂರ್ತಿಯಾಗಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ, U ಅಂತ ಒಂದೇ ಅಕ್ಷರದಲ್ಲಿ ಬರೆದರೆ ಅದು ಸೊನ್ನೆಯಂತೆ ಕಂಡು ಹತ್ತು ಪಟ್ಟು ಔಷಧಿ ಹೋಗುವುದುಂಟು.

ಹಂತ 7: ಭಾಷೆಗೆ ಕಿವಿ ಕೊಡಿ

ಈ ವಿಷಯದಲ್ಲಿ ನಮ್ಮ ಜಿಲ್ಲೆಯ ಮಕ್ಕಳು ಅದೃಷ್ಟವಂತರು. ಕಾರವಾರದಲ್ಲಿ ಕೊಂಕಣಿ, ಶಿರಸಿ ಸಿದ್ದಾಪುರದಲ್ಲಿ ಹವ್ಯಕ ಕನ್ನಡ, ಅಂಕೋಲಾ ಕುಮಟಾದಲ್ಲಿ ಹಾಲಕ್ಕಿಯವರ ಮಾತು, ಭಟ್ಕಳದಲ್ಲಿ ನವಾಯತಿ, ಹಳಿಯಾಳದಲ್ಲಿ ಮರಾಠಿ, ಮುಂಡಗೋಡದಲ್ಲಿ ಟಿಬೆಟಿಯನ್ನರು, ಯಲ್ಲಾಪುರದ ಕಾಡಲ್ಲಿ ಸಿದ್ದಿಯರು. ಇಷ್ಟೆಲ್ಲ ಕೇಳುತ್ತಾ ಬೆಳೆದ ಕಿವಿ ಹೊಸ ಭಾಷೆಗೆ ಹೆದರುವುದಿಲ್ಲ.

ಹೊಸ ಊರಲ್ಲಿ ವ್ಯಾಕರಣ ಬೇಡ. ಎಲ್ಲಿ ನೋವು, ಯಾವಾಗಿನಿಂದ, ಊಟ ಆಯ್ತಾ, ಬಹಿರ್ದೆಸೆಗೆ ಹೋಯ್ತಾ, ಹೆದರಬೇಡಿ, ಈಗ ಸ್ವಲ್ಪ ಚುಚ್ಚುತ್ತೆ. ಇಷ್ಟು ಮಾತನ್ನು ಮೊದಲ ವಾರದಲ್ಲಿ ಆಯಾ ಹತ್ತಿರವೋ ವಾರ್ಡ್ ಬಾಯ್ ಹತ್ತಿರವೋ ಕಲಿಯಿರಿ. ಕಾರವಾರಕ್ಕೆ ಬಂದ ಬಯಲುಸೀಮೆಯ ನರ್ಸ್ ಒಬ್ಬಳು ಅಜ್ಜಿಯ ಹಾಸಿಗೆ ಪಕ್ಕ ಕೂತು "ಖಂಯ್ ದುಖ್ತಾ?" (ಎಲ್ಲಿ ನೋವು?) ಅಂತ ಕೊಂಕಣಿಯಲ್ಲಿ ಕೇಳಿದಾಗ ಅಜ್ಜಿಯ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ. ಅಲ್ಲಿಯವರೆಗೆ ಹೊಟ್ಟೆ ನೋವು ಅಂತಷ್ಟೇ ಹೇಳುತ್ತಿದ್ದ ಅಜ್ಜಿ ಆಮೇಲೆ ಎದೆಯಿಂದ ಎಡಗೈಗೆ ಇಳಿಯುವ ನೋವನ್ನು ಬೆರಳಲ್ಲಿ ತೋರಿಸಿದರು. ಇಸಿಜಿ ಆಯಿತು, ಸರಿಯಾದ ಹೊತ್ತಿಗೆ ಮುಂದಿನ ಆಸ್ಪತ್ರೆಗೆ ಹೋದರು.

ಒಂದು ಮಿತಿ ಮಾತ್ರ ನೆನಪಿರಲಿ. ಆಪರೇಷನ್ ಒಪ್ಪಿಗೆ, ಔಷಧಿ ಅಲರ್ಜಿ, ಗರ್ಭಿಣಿಯ ವಿಷಯ ಇವನ್ನೆಲ್ಲ ಅರೆಬರೆ ಭಾಷೆಯಲ್ಲಿ ಮಾಡಬೇಡಿ. ಚೆನ್ನಾಗಿ ಬಲ್ಲವರನ್ನು ಕರೆಯಿರಿ. ರೋಗಿಯ ಪುಟ್ಟ ಮಗಳನ್ನು ದುಭಾಷಿ ಮಾಡುವುದೂ ತಪ್ಪು.

ರೋಗಿಗಳು ನಿಮ್ಮನ್ನೂ ವಿಚಾರಿಸುತ್ತಾರೆ. ಶಿರಸಿ ಕಡೆಯ ಅಜ್ಜಿ "ತಂಗೀ, ಯಾವೂರಾತು?" ಅಂತ ಕೇಳಿಯೇ ಕೇಳುತ್ತಾರೆ. ಮದುವೆ ಆಗಿದೆಯಾ, ಯಾವ ಪೈಕಿ ಅಂತಲೂ ಬರುತ್ತದೆ. ಮುಖ ಸಿಂಡರಿಸಬೇಡಿ. ಹೇಳಬೇಕಾದಷ್ಟು ಹೇಳಿ ನಕ್ಕು ಮುಂದಿನ ಹಾಸಿಗೆಗೆ ಹೋಗಿ.

ಹಂತ 8: ವಾರ್ಡಿನ ರಾಜಕೀಯದಿಂದ ದೂರ, ಕೆಲಸದಿಂದ ಅಲ್ಲ

ತಾತ್ಕಾಲಿಕವಾಗಿ ಬಂದವರಿಗೆ ಕಷ್ಟದ ರೋಗಿಗಳು, ಹಬ್ಬದ ದಿನದ ಪಾಳಿ ಬರುವುದು ಸಹಜ. ಬೇರೆ ವಾರ್ಡಿಗೆ ಕಳಿಸುವುದಾದರೂ ಮೊದಲು ನಿಮ್ಮನ್ನೇ ಕಳಿಸುತ್ತಾರೆ. ಅಮೆರಿಕದ ಟ್ರಾವೆಲ್ ನರ್ಸ್‌ಗಳ ಕಥೆಯೂ ಇದೇ. ಅದರಲ್ಲಿ ಅರ್ಧವನ್ನು ನಗುತ್ತಾ ತೆಗೆದುಕೊಳ್ಳಿ. ದೀಪಾವಳಿಗೆ ನೀವು ನಿಂತರೆ ಯಾರೋ ಒಬ್ಬ ತಾಯಿ ಮಕ್ಕಳ ಜೊತೆ ಹಬ್ಬ ಮಾಡುತ್ತಾಳೆ, ಮುಂದೆ ನಿಮ್ಮ ಕಷ್ಟಕ್ಕೆ ಅವಳು ಬರುತ್ತಾಳೆ.

ಆದರೆ ಗೊತ್ತಿಲ್ಲದ ವಿಭಾಗದಲ್ಲಿ ಒಬ್ಬರೇ ನಿಲ್ಲಿ ಅಂದರೆ ಒಪ್ಪಬೇಡಿ. ಜಗಳ ಬೇಡ. "ನವಜಾತ ಶಿಶು ವಿಭಾಗದಲ್ಲಿ ನಾನು ಕೆಲಸ ಮಾಡಿಲ್ಲ. ಅಲ್ಲಿನ ಒಬ್ಬರ ಜೊತೆ ಸಹಾಯಕ್ಕೆ ನಿಲ್ಲುತ್ತೇನೆ, ಪೂರ್ತಿ ಜವಾಬ್ದಾರಿ ತೆಗೆದುಕೊಳ್ಳಲಾರೆ" ಎಂದು ಮೆಲ್ಲಗೆ ಹೇಳಿ. ಬರವಣಿಗೆಯಲ್ಲೂ ತಿಳಿಸಿ.

"ನಮ್ಮ ಹಳೇ ಆಸ್ಪತ್ರೆಯಲ್ಲಿ ಹೀಗೆ ಮಾಡುತ್ತಿರಲಿಲ್ಲ" ಎಂಬ ಮಾತನ್ನು ಮೊದಲ ತಿಂಗಳು ನುಂಗಿಕೊಳ್ಳಿ. ರೋಗಿಗೆ ಅಪಾಯ ಇರುವ ವಿಷಯವಾದರೆ ಕೂಡಲೇ ಹೇಳಲೇಬೇಕು. ಬೆಡ್‌ಶೀಟ್ ಮಡಚುವ ಬಗೆ, ರಿಜಿಸ್ಟರ್ ಬರೆಯುವ ಬಗೆ ಇವೆಲ್ಲ ಅವರ ಊರಿನ ಪದ್ಧತಿ. ಯಾರ ಬಗ್ಗೆ ಯಾರು ಏನು ಹೇಳಿದರು ಅನ್ನುವುದನ್ನು ಕೇಳಿಸಿಕೊಂಡರೂ ಮುಂದಕ್ಕೆ ದಾಟಿಸಬೇಡಿ.

ಹಂತ 9: ಡ್ಯೂಟಿ ಮುಗಿದ ಮೇಲಿನ ಬದುಕು

ಒಂಟಿತನ ಮೂರನೇ ವಾರ ಕಚ್ಚುತ್ತದೆ. ಮೊದಲೆರಡು ವಾರ ಹೊಸತನದಲ್ಲಿ ಕಳೆಯುತ್ತದೆ, ಆಮೇಲೆ ರೂಮಿನ ಗೋಡೆ ಕಾಣಲು ಶುರುವಾಗುತ್ತದೆ. ಅದಕ್ಕೆ ಮೊದಲೇ ಸಿದ್ಧರಾಗಿ. ಹೊರಗೆ ಹೋಗುವ ಒಂದು ನೆಪ ಇಟ್ಟುಕೊಳ್ಳಿ, ಸಂಜೆಯ ನಡಿಗೆ, ವಾರದ ಸಂತೆ, ದೇವಸ್ಥಾನ, ಚರ್ಚು, ಮಸೀದಿ, ಯಕ್ಷಗಾನ, ಏನಾದರೂ. ಮನೆಗೆ ಫೋನ್ ಮಾಡುವುದಕ್ಕೂ ಒಂದು ಹೊತ್ತು ಇರಲಿ. ದಿನಕ್ಕೆ ಹತ್ತು ಸಲ ಮಾಡಿದರೆ ನೀವು ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಅಡುಗೆ ಬರಬೇಕು. ಹುಡುಗರಿಗೂ ಸೇರಿಸಿಯೇ ಹೇಳುತ್ತಿದ್ದೇನೆ. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಒಂದು ತಂಬುಳಿ, ಅನ್ನ, ಮಿಡಿ ಉಪ್ಪಿನಕಾಯಿ ಇದ್ದರೆ ಸಾಕು, ಅರ್ಧ ದಣಿವು ಹೋಗುತ್ತದೆ. ಹೊರಗಿನ ಎಣ್ಣೆ ತಿಂಡಿಯಲ್ಲಿ ಬದುಕಿದವರು ಮೂರು ತಿಂಗಳಲ್ಲಿ ಹೊಟ್ಟೆ ಕೆಡಿಸಿಕೊಂಡು ರಜೆ ಹಾಕುತ್ತಾರೆ. ಮಲಗುವ ಕೋಣೆಗೆ ಕಪ್ಪು ಪರದೆ ಹಾಕಿ, ಹಗಲು ನಿದ್ದೆಗೆ ಅದು ಬೇಕೇ ಬೇಕು.

ದುಡ್ಡಿನ ವಿಷಯ. ಒಂದು ಒಪ್ಪಂದ ಮುಗಿದು ಇನ್ನೊಂದು ಸಿಗುವ ನಡುವೆ ಸಂಬಳ ಇರುವುದಿಲ್ಲ. ಮೂರು ತಿಂಗಳ ಖರ್ಚಿನಷ್ಟು ಬೇರೆ ಖಾತೆಯಲ್ಲಿ ಇಡಿ. ಊರಿಗೆ ಕಳಿಸುವುದು ಅದಾದ ಮೇಲೆ. ಇದನ್ನು ಅಪ್ಪ ಅಮ್ಮನಿಗೆ ಮೊದಲೇ ಬಿಡಿಸಿ ಹೇಳಿದರೆ ಅವರಿಗೂ ಬೇಜಾರಿಲ್ಲ.

ಮಳೆಗಾಲದಲ್ಲಿ ನಮ್ಮ ಜಿಲ್ಲೆಯೊಳಗೇ ಓಡಾಡುವವರಿಗೆ ಒಂದು ಮಾತು. ಜುಲೈ 2024ರಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಯಿತು. ಅರಬೈಲ್, ದೇವಿಮನೆ, ಅಣಶಿ ಘಟ್ಟದಲ್ಲೂ ಮರ ಬೀಳುವುದು, ಮಣ್ಣು ಜಾರುವುದು ಇದ್ದದ್ದೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಆಚೆ ಮನೆ, ಈಚೆ ಡ್ಯೂಟಿ ಇಟ್ಟುಕೊಳ್ಳಬೇಡಿ. ಆಸ್ಪತ್ರೆ ಹತ್ತಿರ ರೂಮ್ ಮಾಡಿ.

ಹಂತ 10: ಬಿಟ್ಟು ಬರುವಾಗ

ಕೊನೆಯ ವಾರ ಸಡಿಲ ಬಿಡಬೇಡಿ. ನಿಮ್ಮ ಬಗ್ಗೆ ಜನ ನೆನಪಿಟ್ಟುಕೊಳ್ಳುವುದು ಮೊದಲ ದಿನ ಮತ್ತು ಕೊನೆಯ ದಿನ. ನಿಮ್ಮ ರೋಗಿಗಳ ಹ್ಯಾಂಡೋವರ್ ಎಂದಿಗಿಂತ ವಿವರವಾಗಿ ಕೊಡಿ. ಬೀಗದ ಕೈ, ಗುರುತಿನ ಚೀಟಿ ಒಪ್ಪಿಸಿ ಸಹಿ ಹಾಕಿಸಿಕೊಳ್ಳಿ.

ಅನುಭವ ಪತ್ರವನ್ನು ಅಲ್ಲಿಂದ ಹೊರಡುವ ಮೊದಲೇ ಕೈಗೆ ತೆಗೆದುಕೊಳ್ಳಿ. ಆಮೇಲೆ ಕಳಿಸುತ್ತೇವೆ ಎಂಬ ಮಾತನ್ನು ನಂಬಬೇಡಿ. ಅದರಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು. ಸೇರಿದ ಮತ್ತು ಬಿಟ್ಟ ತಾರೀಖು, ಹುದ್ದೆ, ಯಾವ ವಾರ್ಡ್, ಪೂರ್ಣಾವಧಿಯೋ ಅಲ್ಲವೋ, ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ, ಇಷ್ಟೂ ಇರಲಿ. ಲೆಟರ್‌ಹೆಡ್, ಮೊಹರು, ಸಹಿ ಮಾಡಿದವರ ಹುದ್ದೆ, ಫೋನ್ ನಂಬರ್ ನೋಡಿಕೊಳ್ಳಿ. ಮುಂದೆ ಯಾರಾದರೂ ತಪಾಸಣೆಗೆ ಇಮೇಲ್ ಮಾಡಿದಾಗ ಉತ್ತರ ಕೊಡುವವರು ಯಾರು ಎಂದು ಆಫೀಸಿನಲ್ಲಿ ಕೇಳಿ ಬರೆದುಕೊಳ್ಳಿ. ಸಂಬಳದ ಚೀಟಿಗಳ ಪ್ರತಿ, ಪಿಎಫ್ ಇದ್ದರೆ ಅದರ ನಂಬರ್ ಅದೇ ಫೈಲಿಗೆ ಸೇರಲಿ. ಇನ್‌ಚಾರ್ಜ್ ಸಿಸ್ಟರ್ ಹತ್ತಿರ, ಮುಂದಿನ ಕಡೆಯವರು ಫೋನ್ ಮಾಡಿದರೆ ನನ್ನ ಬಗ್ಗೆ ಮಾತಾಡುತ್ತೀರಾ ಅಂತ ಬಾಯಿಬಿಟ್ಟು ಕೇಳಿ, ಅವರು ಹೂಂ ಅಂದ ಮೇಲೆಯೇ ಅವರ ನಂಬರ್ ಹೊಸಬರಿಗೆ ಕೊಡಿ.